ನನ್ನ ಮಣಿಕಟ್ಟು, ಲಲಿತಾಳ ರೊಟ್ಟಿ

ಹೊರಗಿನಿಂದ ನೋಡಿದರೆ ನನ್ನ ಕೈಗೆ ಏನೂ ಆಗಿರಲಿಲ್ಲ. ಬಾವಿಲ್ಲ, ಗಾಯವಿಲ್ಲ, ಬಳೆಗಳು ಮೊದಲಿನ ಹಾಗೇ ಸಲೀಸಾಗಿ ಏರಿ ಇಳಿಯುತ್ತಿದ್ದವು. ಜ್ವರ ಬಂದವರ ಹಣೆ ಮುಟ್ಟಿ ನೋಡಬಹುದು, ಕಾಲು ಮುರಿದವರು ಪ್ಲಾಸ್ಟರ್ ತೋರಿಸಬಹುದು. ನನ್ನದು ತೋರಿಸಲು ಏನೂ ಇಲ್ಲದ ಬೇನೆ. ಹಾಗಾಗಿ ನೋವಿನ ಜೊತೆಜೊತೆಗೇ ಒಂದು ಅಳುಕೂ ಬಂದು ಕೂತಿತು: ನಾನು ಸುಮ್ಮನೆ ಕೆಲಸ ತಪ್ಪಿಸಿಕೊಳ್ಳುತ್ತಿದ್ದೇನೆಯೇ ಅಂತ. ಇಂಥದೇ ಕೈ ಇಟ್ಟುಕೊಂಡು, ಮನೆಯವರ ಮುಖ ನೋಡಲಾಗದೆ ಕೂತಿರುವವರು ಇನ್ನೂ ಇದ್ದಾರೆಂದು ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ ಟೈಪ್ ಮಾಡುತ್ತಿದ್ದೇನೆ, ಮೆಲ್ಲಗೆ.

ನನ್ನ ತವರು ಕಮಲಾಪುರ. ಎಂಬತ್ತರ ದಶಕದಲ್ಲಿ ಶಾಲೆ ಮುಗಿಸಿ, ದಿನಾ ಬಸ್ಸು ಹಿಡಿದು ಕಲಬುರಗಿಗೆ ಬಂದು ಟೈಪಿಂಗ್ ಕಲಿತೆ. ನಮ್ಮ ಮಾಸ್ತರರಿಗೆ ವೇಗದ ಮೇಲೆ ಅಂಥ ಮೋಹವಿರಲಿಲ್ಲ. ನಾಲ್ಕು ಹಾಳೆ, ನಡುನಡುವೆ ಕಾರ್ಬನ್ ಇಟ್ಟು ಟೈಪ್ ಮಾಡಿಸುತ್ತಿದ್ದರು. ಮೇಲಿನ ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಕಟ್ಟಕಡೆಯದನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದು, "ಇದ ಟೈಪ್ ಅಲ್ಲವಾ ತಂಗಿ, ಇರಿವಿ ಹರದಾಡಿದ್ದು. ನಾಲ್ಕನೇ ಕಾಪಿ ಕಾಣಬೇಕು, ಬಡಿ" ಎನ್ನುತ್ತಿದ್ದರು. ನಾನು ಬಡಿದೆ. ಬಡಿಯುವುದನ್ನೇ ಕಲಿತೆ. ಮದುವೆಯಾಗಿ ಕಲಬುರಗಿಗೆ ಬಂದು, ಕೋರ್ಟಿನ ಎದುರಿನ ಸಾಲಿನಲ್ಲಿ ಒಂದು ಮಷೀನು ಇಟ್ಟುಕೊಂಡು ಅರ್ಜಿ, ಕರಾರುಪತ್ರ, ಅಫಿಡವಿಟ್ಟು ಟೈಪ್ ಮಾಡಲು ಕೂತಾಗ, "ಅಕ್ಕಾರ ಹೊಡದ್ರ ಕೊನೀ ಕಾಪಿನೂ ಕಣ್ಣಿಗೆ ಬೀಳ್ತದ" ಅಂತ ವಕೀಲರು ನನ್ನಲ್ಲಿಗೇ ಬರುತ್ತಿದ್ದರು. ಆ ಹೆಮ್ಮೆ ಸಣ್ಣದಾಗಿರಲಿಲ್ಲ.

ಮನೆಯಲ್ಲಿ ಅತ್ತೆ, ಕಪನೂರಿನ ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ನಮ್ಮ ಯಜಮಾನರು, ಮೈದುನ, ಅವನ ಹೆಂಡತಿ ಲಲಿತಾ, ಎರಡೂ ಕಡೆಯ ಮಕ್ಕಳು. ಎರಡು ಹೊತ್ತೂ ಜೋಳದ ರೊಟ್ಟಿ ಆಗಲೇಬೇಕು. ಬೆಳಗಿನದು ಲಲಿತಾ, ಸಂಜೆಯದು ನಾನು. ಇದನ್ನು ಯಾರೂ ಕೂತು ಗೊತ್ತು ಮಾಡಿರಲಿಲ್ಲ, ತಾನೇ ಹಾಗೆ ನಡೆದುಕೊಂಡು ಬಂದಿತ್ತು. ಅತ್ತೆಗೆ ಮಾತ್ರ ಒಂದು ಹಟ. ಬಡಿದದ್ದೇ ರೊಟ್ಟಿ, ಲಟ್ಟಿಸಿದ್ದನ್ನು ಅವರು ರೊಟ್ಟಿಯ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಒಳಗಿನ ಸಪ್ಪಳ ಕೇಳಿಯೇ ಹಿಟ್ಟು ಹದವಾಗಿ ನಾದಿದೆಯೋ ಇಲ್ಲವೋ ಹೇಳುತ್ತಿದ್ದರು. ಸಪ್ಪಳ ಕೇಳಿ ಕೆಲಸ ಅಳೆಯುವವರ ಕೈಯಲ್ಲೇ ನನ್ನ ಜೀವನ ಕಳೆಯಬೇಕೆಂದು ಬರೆದಿತ್ತೋ ಏನೋ.

ತೊಂಬತ್ತರ ಕೊನೆಗೆ ಕೋರ್ಟಿನ ಸಾಲಿಗೆ ಕಂಪ್ಯೂಟರ್ ಬಂತು. ನಮ್ಮ ಯಜಮಾನರು, ಯಾರೋ ಬಳಸಿ ಬಿಟ್ಟ ಒಂದನ್ನು ಹುಡುಕಿ ತಂದು ಅಂಗಡಿಯಲ್ಲಿ ಕೂಡಿಸಿದರು. ಟೈಪ್‌ರೈಟರ್ ಇದ್ದ ಮೇಜಿನ ಮೇಲೆಯೇ ಕೂಡಿಸಿದೆವು, ಬೇರೆ ಮೇಜು ಎಲ್ಲಿತ್ತು? ಅದರ ಜೊತೆ ಬಂದ ಕೀಬೋರ್ಡು ಒಂದು ಕಲ್ಲಿನಷ್ಟು ಭಾರ. ಒತ್ತಿದರೆ ಒಳಗಿನ ಸ್ಪ್ರಿಂಗು ಟಕ್ ಎನ್ನುತ್ತಿತ್ತು. ಪಕ್ಕದ ಅಂಗಡಿಯವರಿಗೂ ಕೇಳುವಷ್ಟು ಸಪ್ಪಳ. ನನಗೆ ಜೀವ ಬಂದಂತಾಯಿತು. ಸಪ್ಪಳವಿಲ್ಲದ ಟೈಪಿಂಗು ಕೆಲಸವೇ ಅಲ್ಲ ಅಂತ ನಂಬಿದ್ದವಳು ನಾನು. ಕಾರ್ಬನ್ ಹೋದರೂ, ಕಾಪಿಯನ್ನು ಪ್ರಿಂಟರ್ ತಾನೇ ತೆಗೆದುಕೊಟ್ಟರೂ, ನನ್ನ ಬೆರಳು ಮಾತ್ರ ಆ ನಾಲ್ಕನೇ ಕಾಪಿಗಾಗಿಯೇ ಬಡಿಯುತ್ತಿತ್ತು.

ಮೊದಲು ಜೋಮು ಹಿಡಿದದ್ದು ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು. ಬೆಳಿಗ್ಗೆ ಎದ್ದರೆ ಕೈ ನನ್ನದಲ್ಲ ಎಂಬಂತೆ ಬಿದ್ದಿರುತ್ತಿತ್ತು, ಜಾಡಿಸಿ ಜಾಡಿಸಿ ಎಬ್ಬಿಸಬೇಕು. ಆಮೇಲೆ ಮಣಿಕಟ್ಟಿನಿಂದ ಮೊಣಕೈತನಕ ಒಂದು ಉರಿ. ಹಿಟ್ಟು ನಾದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒಲೆಯ ಹೊಗೆ ಅಂತ ಹೇಳೋಣವೆಂದರೆ ನಮ್ಮಲ್ಲಿ ಆಗಲೇ ಗ್ಯಾಸ್ ಬಂದಿತ್ತು.

ಕಮಲಾಪುರದಿಂದ ನಮ್ಮವ್ವ ಕೆಂಪು ಬಾಳೆಹಣ್ಣು ತುಂಬಿದ ಚೀಲ ಹಿಡಿದು ಬಂದಳು. ನನ್ನ ಕೈ ಹಿಡಿದು ಒತ್ತಿ ನೋಡಿ, "ಉಳಕ್ಯಾದ, ಮತ್ತೇನಿಲ್ಲ" ಅಂತ ತೀರ್ಪು ಕೊಟ್ಟು, ಊರಿಗೆ ಕರೆದುಕೊಂಡು ಹೋಗಿ ಉಳುಕು ತೆಗೆಯುವವರ ಮುಂದೆ ಕೂಡಿಸಿದಳು. ಅವರು ಎಣ್ಣೆ ಹಚ್ಚಿ ತಿಕ್ಕಿದ ಮೇಲೆ ಇದ್ದ ನೋವು ಇಮ್ಮಡಿಯಾಯಿತು. ಪಕ್ಕದ ಮನೆಯ ಖಾಲಾ ರೋಜಾ ಬಡಾವಣೆಗೆ ಹೋದಾಗ ಅಲ್ಲಿಯ ದರ್ಗಾದಿಂದ ದಾರ ತಂದು ಕಟ್ಟಿದರು. ಅದರಿಂದ ನೋವು ಹೋಗಲಿಲ್ಲ, ಆದರೆ ನನ್ನ ಬೇನೆಯನ್ನು ಖರೇ ಅಂತ ನಂಬಿದ ಮೊದಲ ಮನುಷ್ಯರು ಅವರೇ. ದಾರ ಹಳತಾಗಿ ತಾನೇ ಕಡಿದು ಬೀಳುವವರೆಗೂ ನಾನದನ್ನು ಬಿಚ್ಚಲಿಲ್ಲ.

ಅತ್ತೆಯ ಮಾತು ಬೇರೆ ಇತ್ತು. "ದಿನಾ ಪೂರ್ತಿ ಟೈಪ್ ಮಾಡಾಕ ಬರ್ತದ, ಸಂಜೀಗೆ ರೊಟ್ಟಿ ಅಂದ್ರ ಕೈ ನೋಯ್ತದ. ಶಾಣ್ಯಾ ಕೈ ಅದ" ಎಂದರು. ಅವರು ಕೆಟ್ಟವರಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಚುಚ್ಚಿದ್ದು ಯಾಕೆಂದರೆ ಆ ಮಾತಿನಲ್ಲಿ ಅರ್ಧ ನಿಜವಿತ್ತು.

ಕೊನೆಗೆ ನಮ್ಮವರು ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ತುಂಬ ಕಟ್ಟು ಕಟ್ಟಿಸಿಕೊಂಡವರು. ನನ್ನ ಪಕ್ಕದಲ್ಲಿ ಮಹಾಗಾಂವದ ಒಬ್ಬ ಹಿರಿಯರು, ಬೈಕಿನಿಂದ ಬಿದ್ದು ಮುರಿದ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು.

"ನಿಮಗೇನಾಗ್ಯದರೀ?" ಎಂದರು.

"ಕೈರೀ."

"ಯಾವ ಕೈ?"

ಬಲಗೈ ಮುಂದೆ ಹಿಡಿದೆ. ಅವರು ಹಿಂದೆ ಮುಂದೆ ನೋಡಿ, ಏನೂ ಕಾಣದೆ, ನನ್ನ ಮರ್ಯಾದೆ ಉಳಿಸುವವರಂತೆ ಮುಖ ಆ ಕಡೆ ತಿರುಗಿಸಿದರು. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಡಾಕ್ಟರು ಮಣಿಕಟ್ಟಿನ ಮೇಲೆ ಬೆರಳಿಂದ ತಟ್ಟಿದರು. ಬೆರಳ ತುದಿವರೆಗೆ ಝುಮ್ ಎಂದಿತು. ಆಮೇಲೆ, "ನೀವು ಹೆಂಗ ಟೈಪ್ ಮಾಡ್ತೀರಿ, ಇಲ್ಲೇ ಮೇಜಿನ ಮ್ಯಾಲೆ ಮಾಡಿ ತೋರಸ್ರಿ" ಎಂದರು. ನಾನು ನಾಚುತ್ತಲೇ ಶುರುಮಾಡಿದೆ. ಎರಡು ಸಾಲು ಆಗುವುದರೊಳಗೆ ಅವರ ಪೆನ್ನಿನ ಡಬ್ಬಿ ಕುಣಿಯುತ್ತ ಅಂಚಿಗೆ ಬಂತು. ಅವರು ಅದನ್ನು ಹಿಡಿದುಕೊಂಡು, "ಅಕ್ಕಾರ, ಯಾರ ಮ್ಯಾಲಿನ ಸಿಟ್ಟರೀ ಇದು?" ಎಂದು ಕೇಳಿದರು.

"ಸಿಟ್ಟಲ್ಲರೀ. ಕೊನೀ ಕಾಪಿ ಕಾಣಬೇಕಲ್ಲರೀ."

"ಕಂಪ್ಯೂಟರಿನ್ಯಾಗ ಎಲ್ಲೀದರೀ ಕೊನೀ ಕಾಪಿ?"

ನಮ್ಮವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಇಲ್ಲದ ಹಾಳೆಗಾಗಿ ಇಷ್ಟು ವರ್ಷ ಕೈ ಸವೆಸಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು. ಸೊಲ್ಲಾಪುರಕ್ಕೆ ಹೋಗಿ ನರದ ಪರೀಕ್ಷೆ ಮಾಡಿಸಿಕೊಂಡು ಬಂದೆವು. ರಿಪೋರ್ಟು ನೋಡಿ ಡಾಕ್ಟರು, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ತೀರಾ ತಡಮಾಡದೆ ಬಂದಿದ್ದೀರಿ, ಆಪರೇಷನ್ ಇಲ್ಲದೆ ನೋಡೋಣ ಎಂದರು. ಮಲಗುವಾಗ ಕಟ್ಟಿಕೊಳ್ಳಲು ಒಂದು ಪಟ್ಟಿ, ಮಣಿಕಟ್ಟಿಗೆ ಒಂದು ಇಂಜೆಕ್ಷನ್, ಮತ್ತೆ ವಿಶ್ರಾಂತಿ. "ಬಡಿಯೂ ಕೆಲಸ ಯಾವ್ದೂ ಬ್ಯಾಡ" ಅಂದರು. ಬೇನೆಗೆ ಒಂದು ಹೆಸರು ಸಿಕ್ಕ ಆ ದಿನ ನನಗಾದ ಖುಷಿ ಹೇಳಿದರೆ ಜನ ನಗುತ್ತಾರೆ. ರಿಪೋರ್ಟಿನ ಲಕೋಟೆಯನ್ನು ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಟಿವಿ ಮೇಲೆ ಇಟ್ಟೆ.

ಮರುದಿನ ಸಂಜೆ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಲಲಿತಾ ಹಿಟ್ಟು ನಾದಿ ಇಟ್ಟಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಕೂತರೆ, ನನ್ನ ಕೈಯನ್ನು ಬದಿಗೆ ಸರಿಸಿ, "ನೀವು ಕೂಡ್ರಿ ಅಕ್ಕಾ. ಡಾಕ್ಟರು ಬ್ಯಾಡ ಅಂದಾರಲ್ಲ" ಎಂದಳು. ಅಷ್ಟೇ. ಅವತ್ತಿನಿಂದ ಎರಡೂ ಹೊತ್ತಿನ ರೊಟ್ಟಿ ಅವಳದಾಯಿತು.

ನನ್ನನ್ನು ಇವತ್ತಿಗೂ ಕಾಡುವುದು ಇದು. ಡಾಕ್ಟರು ಬಡಿಯುವ ಕೆಲಸ ಯಾವುದೂ ಬೇಡ ಅಂದಿದ್ದರು. ನಾನು ರೊಟ್ಟಿ ಪೂರ್ತಿ ಬಿಟ್ಟೆ, ಟೈಪಿಂಗು ಬಿಡಲಿಲ್ಲ. ಕೆಲಸ ಕಡಿಮೆ ಮಾಡಿದೆ ನಿಜ, ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುತ್ತಿದ್ದೆ. ಆದರೆ ಇರುವ ಅಷ್ಟಿಷ್ಟು ಕೈಯನ್ನು ಯಾವುದಕ್ಕೆ ಉಳಿಸಿಕೊಳ್ಳಬೇಕು ಅಂತ ಬಂದಾಗ, ಯಾರನ್ನೂ ಕೇಳದೆ, ನನ್ನ ಕೆಲಸಕ್ಕೇ ಉಳಿಸಿಕೊಂಡೆ. ಹೆಸರು ಹಿಡಿದು ಹುಡುಕಿಕೊಂಡು ಬರುವ ಜನ ಅಲ್ಲಿದ್ದರು. ಹಿಟ್ಟಿನ ಮುಂದೆ ಯಾರಿದ್ದರು?

ಇನ್ನು ಕೀಬೋರ್ಡಿನ ಕತೆ. ಆ ಭಾರದ್ದನ್ನು ಬಿಡಲೇಬೇಕಾಯಿತು. ಅದಕ್ಕೆ ಬದಲು ತಂದ ಹೊಸದು ತೆಳ್ಳಗೆ, ಹಗುರ, ಸಪ್ಪಳವಿಲ್ಲ. ಹಗುರಾದದ್ದು ಕೈಗೂ ಹಗುರ ಅಂದುಕೊಂಡಿದ್ದೆ. ಆದರೆ ನನ್ನ ಬಡಿತಕ್ಕೆ ಅದರ ಕೀಲಿಗಳು ಪಟ್ಟನೆ ತಳ ಮುಟ್ಟುತ್ತಿದ್ದವು, ಬೆರಳು ನೇರ ಹಲಗೆಗೇ ಬಡಿದ ಹಾಗೆ. ನೋವು ಹೆಚ್ಚಿತು. ಆಮೇಲೆ ನಮ್ಮವರು, ಪರಿಚಯದ ವಕೀಲರೊಬ್ಬರಿಗೆ ಹೇಳಿ ಹೈದರಾಬಾದಿನಿಂದ ಒಂದನ್ನು ತರಿಸಿದರು. ನಡುವೆ ಸೀಳಿ ಎರಡು ಭಾಗ ಮಾಡಿದ್ದು, ಡೊಂಕಾದದ್ದು. ಕೈನೋವಿನವರಿಗಾಗಿಯೇ ಮಾಡಿದ್ದಂತೆ. ಅದನ್ನು ನೋಡಲು ಓಣಿಯ ಮಕ್ಕಳೆಲ್ಲ ಬಂದರು. ಅತ್ತೆ ಅದಕ್ಕೆ ಕುಂಕುಮ ಹಚ್ಚಿದರು. ನನಗೆ ಮಾತ್ರ ಅದು ಒಗ್ಗಲಿಲ್ಲ. ನಡುವಿನ ಕೆಲವು ಕೀಲಿಗಳನ್ನು ನಾನು ಮೊದಲಿನಿಂದ ಎಡಗೈಯಿಂದಲ್ಲದೆ ಬಲಗೈಯಿಂದ ಹೊಡೆಯುತ್ತಿದ್ದೆ. ಈಗ ಬೆರಳು ಹೋಗಿ ಖಾಲಿ ಜಾಗಕ್ಕೆ ಬೀಳುತ್ತಿತ್ತು. ಜೊತೆಗೆ ಅದು ಎಷ್ಟು ಅಗಲವೆಂದರೆ ಮೌಸು ಹಿಡಿಯಲು ತೋಳು ಪೂರ್ತಿ ಚಾಚಬೇಕು. ಅಷ್ಟು ಪ್ರೀತಿಯಿಂದ ತರಿಸಿದವರಿಗೆ ಬೇಡ ಅನ್ನುವುದು ಹೇಗೆ? ಭುಜವೂ ಹಿಡಿದುಕೊಳ್ಳುವವರೆಗೆ ಸುಮ್ಮನಿದ್ದೆ. ಅದು ಇವತ್ತಿಗೂ ಕಪಾಟಿನ ಮೇಲಿದೆ, ಕುಂಕುಮದ ಸಮೇತ.

ಆಮೇಲೆ ನಾನೇ ಸೂಪರ್ ಮಾರ್ಕೆಟ್ ಬಜಾರಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಇದ್ದಬದ್ದವನ್ನೆಲ್ಲ ಸಾಲಾಗಿ ಇಡಿಸಿ, ಕಣ್ಣು ಮುಚ್ಚಿ, ಒಂದೊಂದರ ಮೇಲೂ ಅಫಿಡವಿಟ್ಟಿನ ಮೊದಲ ಪ್ಯಾರಾ ಹೊಡೆಯುತ್ತಾ ಬಂದೆ. "ಸದರಿ ಅರ್ಜಿದಾರನಾದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ" ಅಂತ. ಅದನ್ನು ಬೆರಳುಗಳು ನಿದ್ದೆಯಲ್ಲೂ ಹೊಡೆಯುತ್ತವೆ, ಹಾಗಾಗಿ ಗಮನವೆಲ್ಲ ಕೈಯ ಮೇಲೇ ಇರುತ್ತದೆ.

"ಅಕ್ಕಾರ, ಇದು ಕೀಬೋರ್ಡ್ ಅದರೀ, ಚಪ್ಪಲಿ ಅಲ್ಲ, ಹಾಕ್ಕೊಂಡು ಅಡ್ಡಾಡಿ ನೋಡಾಕ" ಎಂದು ಅಂಗಡಿಯವರು ನಕ್ಕರು.

"ಚಪ್ಪಲಿ ಕಚ್ಚಿದ್ರ ಬಿಚ್ಚಿ ಒಗೀಬಹುದರೀ. ಕೈ ಎಲ್ಲಿ ಒಗೀಲಿ?" ಎಂದೆ.

ಕೊನೆಗೆ ಆರಿಸಿದ್ದು ಯಾರೂ ಕೇಳದೆ ಮೂಲೆಯಲ್ಲಿ ಬಿದ್ದಿದ್ದ ಒಂದು ಗಿಡ್ಡ ಕೀಬೋರ್ಡು. ಬಲಗಡೆಯ ಅಂಕಿಗಳ ಸಾಲೇ ಇಲ್ಲ. ನಾನು ಹಿಸಾಬು ಮಾಡುವವಳಲ್ಲ, ಅರ್ಜಿ ಬರೆಯುವವಳು. ಅಂಕಿ ಬೇಕಾದರೆ ಮೇಲಿನ ಸಾಲು ಸಾಕು. ಅದರಿಂದ ಮೌಸು ಹತ್ತಿರ ಬಂತು. ಕೀಲಿಗಳು ಒತ್ತುವಾಗ ಸ್ವಲ್ಪ ತಡೆದು ಆಮೇಲೆ ಬಿಡುತ್ತಿದ್ದವು, ತಳಕ್ಕೆ ಹೋಗುವ ಮೊದಲೇ ಅಕ್ಷರ ಬೀಳುತ್ತಿತ್ತು. ಹಿಂದಿನ ಕಾಲುಗಳನ್ನು ಎತ್ತದೆ ಚಪ್ಪಟೆಯಾಗಿಯೇ ಇಟ್ಟೆ. ನಮ್ಮವರು ಒಂದು ರವಿವಾರ ಗರಗಸ ತಂದು ಟೈಪ್‌ರೈಟರಿನ ಆ ಎತ್ತರದ ಮೇಜಿನ ಕಾಲು ಕತ್ತರಿಸಿದರು. ಆದರೆ ಯಾವ ಕೀಬೋರ್ಡು ತಂದರೂ ಬಡಿಯುವ ಬೆರಳು ನನ್ನದೇ ತಾನೇ? "ಮಲಗಿದ ಕೂಸು ಏಳಬಾರದು, ಹಂಗ ಮುಟ್ರಿ" ಅಂತ ಡಾಕ್ಟರು ಹೇಳಿದ್ದರು. ಅದನ್ನು ಕಲಿಯುವುದು ಟೈಪಿಂಗು ಕಲಿತದ್ದಕ್ಕಿಂತ ಕಷ್ಟವಾಯಿತು. ಕೈನೋವಿನವರು ನನ್ನನ್ನು ಕೇಳಿದರೆ ಇಷ್ಟೇ ಹೇಳುತ್ತೇನೆ: ಚೆಂದ ನೋಡಬೇಡಿ, ಮಂದಿ ಹೇಳಿದ್ದು ಕೇಳಬೇಡಿ, ನಿಮ್ಮ ಕೆಲಸ ಯಾವುದು, ಕೈ ಎಲ್ಲಿಗೆ ಹೋಗಿ ಬರುತ್ತದೆ ಅಂತ ಮೊದಲು ನೋಡಿ.

ಕೈ ಸುಧಾರಿಸಿತು. ಜೋಮು ಹೋಯಿತು. ಮನೆಮಂದಿಗೆಲ್ಲ ಖುಷಿ. ನಾನು ಬಟ್ಟಲಲ್ಲಿ ಚಹಾ ತುಂಬಿಕೊಂಡು ಬಲಗೈಯಲ್ಲೇ ಹಿಡಿದು ಬಂದೆ ಅಂತ ಲಲಿತಾ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ರೊಟ್ಟಿಗೆ ಮತ್ತೆ ಕೂಡಬೇಕು ಅಂತ ನಾನು ಅಂದುಕೊಳ್ಳುತ್ತಲೇ ಇದ್ದೆ. ಮೊದಲು ಪೂರ್ತಿ ವಾಸಿಯಾಗಲಿ ಅಂತ, ಆಮೇಲೆ ಚಳಿ ಕಳೆಯಲಿ ಅಂತ. ಅವಳೂ ಕೇಳಲಿಲ್ಲ, ಅತ್ತೆಯೂ ಈಗ ಏನೂ ಅನ್ನುತ್ತಿರಲಿಲ್ಲ. ಯಾರೂ ಅನ್ನದಿದ್ದರೆ ಸುಖವಾಗಿರಲು ಎಷ್ಟು ಬೇಗ ರೂಢಿಯಾಗುತ್ತದೆ ನೋಡಿ.

ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಅದೆಷ್ಟೋ ವರ್ಷ ಟೈಪಿಂಗಿನ ಸಪ್ಪಳ ಕೇಳಿ ಬೆಳೆದ ಕಿವಿ ನನ್ನದು. ಟೈಪ್ ಮಾಡುವ ಯಾವ ಹುಡುಗಿಯ ಯಾವ ಬೆರಳು ಸೋತಿದೆ ಅಂತ ಗೋಡೆಯ ಆಚೆಯಿಂದ ಹೇಳಬಲ್ಲೆ. ಲಲಿತಾಳ ಬಡಿತ ಎರಡೂ ಕೈಯದು, ಒಂದರ ಹಿಂದೆ ಒಂದು, ತಪ್ಪುತ್ತಿರಲಿಲ್ಲ. ಅವತ್ತು ಒಂದು ಕೈಯ ಸಪ್ಪಳವೇ ಇಲ್ಲ. ಒಂದು ಬಡಿತ, ಒಂದು ಖಾಲಿ. ಒಂದು ಬಡಿತ, ಒಂದು ಖಾಲಿ. ಬಲಗೈ ಸುಮ್ಮನೆ ರೊಟ್ಟಿಯನ್ನು ತಿರುಗಿಸುತ್ತಿದೆ ಅಷ್ಟೇ. ನನಗೆ ತಿಳಿಯಿತು. ನಾನೂ ಹಾಗೇ ಮಾಡುತ್ತಿದ್ದೆನಲ್ಲ, ಬೇನೆ ಮುಚ್ಚಿಟ್ಟುಕೊಂಡಿದ್ದ ದಿನಗಳಲ್ಲಿ.

ಒಳಗೆ ಹೋಗಿ ಅವಳ ಕೈ ಹಿಡಿದುಕೊಂಡು ಡಾಕ್ಟರು ತಟ್ಟಿದ ಹಾಗೆ ಮಣಿಕಟ್ಟು ತಟ್ಟಿದೆ. ಅವಳು ಕೈ ಕಿತ್ತುಕೊಂಡಳು.

"ಎಷ್ಟ ದಿನಾ ಆತು?"

"ನನಗೇನಾಗ್ಯದ ಅಕ್ಕಾ? ನಾ ಏನು ಕಂಪ್ಯೂಟರ್ ಬಡೀತೀನೇನ್ರೀ?" ಎಂದು ನಕ್ಕಳು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಎಳೆದುಕೊಂಡೇ ಹೋದೆ. ಅದೇ ಡಾಕ್ಟರು, ಅದೇ ಬೆಂಚು. ಒಳಗೆ ಡಾಕ್ಟರು ಅವಳನ್ನು, "ಏನ್ ಕೆಲಸ ಮಾಡ್ತೀರಿ?" ಅಂತ ಕೇಳಿದರು.

"ಏನಿಲ್ಲರೀ. ಮನ್ಯಾಗ ಇರ್ತೀನಿ" ಎಂದಳು ಲಲಿತಾ.

ಡಾಕ್ಟರು ನನ್ನ ಕಡೆ ನೋಡಿದರು. "ಇಲ್ಲರೀ ಡಾಕ್ಟರ್. ಅಕಿ ನನ್ನ ಕೆಲಸ ಮಾಡ್ತಾಳ್ರೀ" ಎಂದೆ.

ನನಗೆ ತಪ್ಪಿದ ಆಪರೇಷನ್ ಅವಳಿಗೆ ಬಂತು. ತಡವಾಗಿದೆ ಎಂದರು. ಆ ತಡ ಯಾರದು ಅಂತ ಡಾಕ್ಟರು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಅತ್ತೆ ತಾವಾಗಿಯೇ ಮೇಲಿನ ಹಲಗೆಯಿಂದ ಹೋಳಿಗೆಯ ಲಟ್ಟಣಿಗೆ ಇಳಿಸಿ ನನ್ನ ಮುಂದೆ ಇಟ್ಟರು. "ಇನ್ನ ಮ್ಯಾಲೆ ಇದ್ರಲೇ ಮಾಡ್ರಿ. ಲಟ್ಟಿಸಿದ್ದ ತಿಂದ್ರ ಯಾರೂ ಸಾಯಂಗಿಲ್ಲ" ಎಂದರು.

ಮರುದಿನ ನಾನು ಬೆಳಿಗ್ಗೆ ಎದ್ದು ಲಟ್ಟಿಸಿ ರೊಟ್ಟಿ ಮಾಡಿದೆ. ಅಂಚು ಒಡೆದವು, ಒಂದೊಂದು ಒಂದೊಂದು ಆಕಾರ. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಜೊತೆ ಡಬ್ಬಿ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಊಟ ಕೊಡಬಹುದು ಎಂದರು. ಬಲಗೈಗೆ ಕಟ್ಟು ಇತ್ತು, ಎಡಗೈಗೆ ಸಲಾಯಿನ್ ಸೂಜಿ ಇತ್ತು. ನಾನೇ ತುತ್ತು ಮುರಿದು ಬಾಯಿಗೆ ಇಟ್ಟೆ. ಅಷ್ಟು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೆ, ಅವಳಿಗೆ ನಾನು ಕೈಯಾರೆ ಒಂದು ತುತ್ತು ತಿನ್ನಿಸಿದ್ದು ಅದೇ ಮೊದಲು.

ಲಲಿತಾ ಅಗಿದಳು. "ಅಕ್ಕಾ, ಭಾಳ ದಪ್ಪ ಆಗ್ಯಾವ" ಎಂದಳು.

"ಹೌದವಾ."

ಎರಡನೇ ತುತ್ತು ಬಾಯಲ್ಲಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ನುಂಗಿ, "ಇಷ್ಟು ರೊಟ್ಟಿ ಮಾಡೀರಿ, ನಿಮ್ಮ ಕೈ ನೋಯ್ಲಿಲ್ಲೇನ್ರೀ ಅಕ್ಕಾ?" ಎಂದು ಕೇಳಿದಳು.

ಅವಳು ನನ್ನ ಪಾಲಿನ ರೊಟ್ಟಿ ಬಡಿದ ಅಷ್ಟೂ ದಿನಗಳಲ್ಲಿ ನಾನು ಅವಳನ್ನು ಒಮ್ಮೆಯೂ ಕೇಳದ ಮಾತು ಅದು. ಇಲ್ಲವ್ವ ಅಂತ ಹೇಳಿ, ಮುಂದಿನ ತುತ್ತು ಮುರಿದೆ.